ಜುಮ್ ಅಂದಿದ್ದು ಮೀನಲ್ಲ

"ಡಾಕ್ಟ್ರೇ, ನಮ್ಮ ಮೀನು ಶಾಕ್ ಹೊಡೀತಿದೆ." ಮತ್ತೆ ಅದೇ ಫೋನ್. ಯಾವ ಮೀನು ಅಂತ ನಾನು ಕೇಳಲೇ ಇಲ್ಲ. ಅಕ್ವೇರಿಯಂನಲ್ಲಿ ಸಾಕುವ ಬ್ಲ್ಯಾಕ್ ಘೋಸ್ಟ್ ಅಲ್ಲದೆ ಇನ್ನೇನು? ಕಪ್ಪು ಮೈ, ಬಾಲದಲ್ಲಿ ಎರಡು ಬಿಳಿ ಪಟ್ಟೆ. ಮಾರಿದವರು 'ಕರೆಂಟ್ ಮೀನು' ಅಂದಿರುತ್ತಾರೆ, ಕೊಂಡವರು ನಂಬಿರುತ್ತಾರೆ.

ಎಲೆಕ್ಟ್ರಿಕ್ ಈಲ್ ಬೇರೆ. ಅದು ನೂರಾರು ವೋಲ್ಟ್ ಹೊಡೆಯುತ್ತದೆ. 2019ರಲ್ಲಿ ಗುರುತಿಸಿದ ಒಂದು ಜಾತಿಯದು 860 ವೋಲ್ಟ್. ಬ್ಲ್ಯಾಕ್ ಘೋಸ್ಟ್‌ನದು ಮಿಲಿವೋಲ್ಟ್ ಲೆಕ್ಕ. ನಮ್ಮ ಚರ್ಮಕ್ಕೆ ಗೊತ್ತೇ ಆಗುವುದಿಲ್ಲ. ಅದರ ಕರೆಂಟ್ ಇರುವುದು ಹೊಡೆಯುವುದಕ್ಕಲ್ಲ, ನೋಡುವುದಕ್ಕೆ.

ಇದೊಂದು ಮಾತು ಯಾರ ತಲೆಗೂ ಹೋಗುವುದಿಲ್ಲ. ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ. ಈ ಮೀನಿನ ವಿದ್ಯುತ್ ಅಂಗ ಸೆಕೆಂಡಿಗೆ ಸುಮಾರು 1000 ಸಲ ಮಿಡಿಯುತ್ತದೆ. ಹಗಲೂ ರಾತ್ರಿ ಬಿಡುವಿಲ್ಲ. ಅದರಿಂದ ಮೈ ಸುತ್ತ ಒಂದು ವಿದ್ಯುತ್ ಕ್ಷೇತ್ರ ಹರಡಿರುತ್ತದೆ. ಹತ್ತಿರ ಹುಳು ಬಂತು ಅನ್ನಿ. ಹುಳುವಿನ ಮೈ ಸಿಹಿನೀರಿಗಿಂತ ಚೆನ್ನಾಗಿ ಕರೆಂಟ್ ಹರಿಸುತ್ತದೆ, ಕ್ಷೇತ್ರ ಆ ಕಡೆ ವಾಲುತ್ತದೆ. ಕಲ್ಲು ಹರಿಸುವುದಿಲ್ಲ, ಕ್ಷೇತ್ರ ಪಕ್ಕಕ್ಕೆ ಸರಿಯುತ್ತದೆ. ಈ ಏರುಪೇರನ್ನು ಚರ್ಮದ ಸಣ್ಣ ಗ್ರಾಹಕಗಳು ಹಿಡಿಯುತ್ತವೆ. ಕತ್ತಲಲ್ಲಿ ನಾವು ಕೈಚಾಚಿ ತಡಕುತ್ತೇವಲ್ಲ, ಹಾಗೆ, ಆದರೆ ಮುಟ್ಟದೆ.

1950ರ ದಶಕದಲ್ಲಿ ಪ್ರಾಣಿಶಾಸ್ತ್ರಜ್ಞ ಹಾನ್ಸ್ ಲಿಸ್‌ಮನ್, ಹೀಗೇ ಕರೆಂಟಿನಿಂದ ನೋಡುವ ಆಫ್ರಿಕಾದ ಜಿಮ್ನಾರ್ಕಸ್ ಮೀನಿನ ಮುಂದೆ ನೀರು ಜಿನುಗುವಂಥ ಕುಡಿಕೆಗಳನ್ನಿಟ್ಟರು. ಹೊರಗಿಂದ ಎಲ್ಲ ಒಂದೇ ಥರ. ಒಳಗೆ ಗಾಜಿನ ಕಡ್ಡಿ ಇರುವುದು ಯಾವುದು, ಬರೀ ನೀರಿರುವುದು ಯಾವುದು ಅಂತ ಮೀನು ಗುರುತು ಹಿಡಿಯಿತು!

ಅಂದಹಾಗೆ, ಬ್ಲ್ಯಾಕ್ ಘೋಸ್ಟ್ ಹಿಂದಕ್ಕೆ ಈಜಿದರೆ ಕಾಯಿಲೆ ಅಂತ ಗಾಬರಿ ಬೇಡ. ಮೈ ಬಳುಕಿಸಿದರೆ ಅದರ ಕ್ಷೇತ್ರವೂ ಕದಡುತ್ತದೆ. ಅದಕ್ಕೇ ಬೆನ್ನು ನೆಟ್ಟಗಿಟ್ಟು, ಹೊಟ್ಟೆಯಡಿಯ ಉದ್ದ ರೆಕ್ಕೆಯೊಂದನ್ನೇ ಅಲೆಯಂತೆ ಆಡಿಸುತ್ತದೆ. ಅಲೆಯ ದಿಕ್ಕು ತಿರುಗಿಸಿದರೆ ಹಿಂದಕ್ಕೆ ಹೋಗುತ್ತದೆ, ಅಷ್ಟೇ.

ಹಾಗಾದರೆ ಕೈಗೆ ಜುಮ್ ಅಂದಿದ್ದು ಏನು? ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನನ್ನ ಮೊದಲ ಅನುಮಾನ ಯಾವಾಗಲೂ ಹೀಟರ್ ಅಥವಾ ಮೋಟರ್ ಮೇಲೆ. ಕೈ ಹಾಕುವ ಮೊದಲು ಎಲ್ಲ ಪ್ಲಗ್ ಕೀಳಿ ಅಂದೆ. ಹೋಗಿ ನೋಡಿದರೆ ಹೀಟರಿನ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು, ಒಳಗೆ ನೀರು. ಬಂದ ನೆಂಟರಿಗೆಲ್ಲ ಬೆರಳು ಅದ್ದಿಸಿ 'ಶಾಕ್' ತೋರಿಸುತ್ತಿದ್ದರಂತೆ! ಸಿಟ್ಟು ನೆತ್ತಿಗೇರಿತು. ಬೈದೆ ಕೂಡ.

ಆಮೇಲೆ ಬ್ಯಾಟರಿ ಸ್ಪೀಕರ್‌ಗೆ ಎರಡು ತಂತಿ ಜೋಡಿಸಿ ನೀರಿಗೆ ಇಳಿಸಿದೆ. ಮೀನಿನ ಮಿಡಿತ ಕೇಳಿಸಿತು: ಸಣ್ಣಗೆ ಸೀಟಿ ಹೊಡೆದ ಹಾಗೆ ಒಂದೇ ಸ್ವರ, ನಿಲ್ಲದೆ. ಮನೆಯ ಚಿಕ್ಕ ಹುಡುಗಿ ಸ್ಪೀಕರ್‌ಗೆ ಕಿವಿ ಇಟ್ಟು, "ಅದು ಹಾಡ್ತಿದೆಯಾ ಅಂಕಲ್?" ಅಂದಳು.

"ಇಲ್ಲ ಪುಟ್ಟಿ, ನೋಡ್ತಿದೆ."