ಠೇವಣಿ ಕಳೆದುಕೊಂಡ ಅಭ್ಯರ್ಥಿಯೂ ಖರ್ಚಿನ ಲೆಕ್ಕ ಕೊಡಬೇಕೇ?

ಪ್ರಶ್ನೆ: ನಮ್ಮ ಚಿಕ್ಕಪ್ಪ 2023ರ ವಿಧಾನಸಭಾ ಚುನಾವಣೆಯಲ್ಲಿ ತುಮಕೂರು ಜಿಲ್ಲೆಯ ಕ್ಷೇತ್ರವೊಂದರಿಂದ ಪಕ್ಷೇತರರಾಗಿ ಸ್ಪರ್ಧಿಸಿ ಠೇವಣಿ ಕಳೆದುಕೊಂಡರು. ಸೋತವರ ಲೆಕ್ಕ ಯಾರಿಗೆ ಬೇಕೆಂದು ವೆಚ್ಚದ ವಿವರ ಸಲ್ಲಿಸಲಿಲ್ಲ. ಅವರಿಗೆ ಜೈಲು ಶಿಕ್ಷೆಯಾಗುತ್ತದೆಯೇ? ಮುಂದೆ ಗ್ರಾಮ ಪಂಚಾಯಿತಿಗೆ ನಿಲ್ಲಬಹುದೇ?

ಉತ್ತರ: ಜೈಲು ಶಿಕ್ಷೆ ಇಲ್ಲ. ಆದರೆ ಅನರ್ಹತೆಯ ಅಪಾಯ ಇದೆ, ಮತ್ತು ಅದು ಪಂಚಾಯಿತಿಯ ಬಾಗಿಲನ್ನೂ ಮುಚ್ಚಬಲ್ಲದು.

ಸೋತವರಿಗೆ, ಅದರಲ್ಲೂ ಠೇವಣಿ ಹೋದವರಿಗೆ, ಲೆಕ್ಕ ಕೊಡುವ ಹೊಣೆ ಇಲ್ಲವೆಂಬ ನಂಬಿಕೆ ನಮ್ಮ ತಾಲ್ಲೂಕುಗಳಲ್ಲಿ ವ್ಯಾಪಕವಾಗಿದೆ. ಅದು ತಪ್ಪು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶ ಘೋಷಣೆಯಾದ ದಿನದವರೆಗೆ, ಆ ಎರಡೂ ದಿನಗಳನ್ನು ಸೇರಿಸಿ, ಮಾಡಿದ ಖರ್ಚಿನ ಪ್ರತ್ಯೇಕ ಲೆಕ್ಕವನ್ನು ಪ್ರತಿಯೊಬ್ಬ ಅಭ್ಯರ್ಥಿಯೂ ಇಡಬೇಕು. 78ನೇ ಸೆಕ್ಷನ್ ಪ್ರಕಾರ ಫಲಿತಾಂಶದ 30 ದಿನಗಳೊಳಗೆ ಅದನ್ನು ಜಿಲ್ಲಾ ಚುನಾವಣಾಧಿಕಾರಿಗೆ, ಅಂದರೆ ನಮ್ಮಲ್ಲಿ ಜಿಲ್ಲಾಧಿಕಾರಿಗೆ, ಸಲ್ಲಿಸಬೇಕು. 2023ರ ಮೇ 13ರಂದು ಫಲಿತಾಂಶ ಬಂದದ್ದರಿಂದ ಪಾವಗಡದಿಂದ ಕುಣಿಗಲ್‌ವರೆಗೆ ಜಿಲ್ಲೆಯ 11 ಕ್ಷೇತ್ರಗಳಲ್ಲಿ ನಿಂತಿದ್ದ ಎಲ್ಲರಿಗೂ ಆ ಗಡುವು ಜೂನ್ 12ಕ್ಕೆ ಮುಗಿಯಿತು. ವಿಧಾನಸಭೆಗೆ ವೆಚ್ಚದ ಮಿತಿ 40 ಲಕ್ಷ ರೂಪಾಯಿ ಇತ್ತು. ಅಷ್ಟೂ ಖರ್ಚು ಮಾಡಿದವರಿಗೂ ಕರಪತ್ರ ಮತ್ತು ಆಟೋ ಬಾಡಿಗೆಯಲ್ಲೇ ಪ್ರಚಾರ ಮುಗಿಸಿದವರಿಗೂ ನಿಯಮ ಒಂದೇ.

ಲೆಕ್ಕ ಕೊಡದವರಿಗೆ ಅನ್ವಯಿಸುವುದು 10ಎ ಸೆಕ್ಷನ್. ಅಭ್ಯರ್ಥಿಯು ಸಕಾಲದಲ್ಲಿ, ನಿಗದಿತ ರೀತಿಯಲ್ಲಿ ಲೆಕ್ಕ ಸಲ್ಲಿಸಿಲ್ಲ ಮತ್ತು ಅದಕ್ಕೆ ಸಮರ್ಥನೀಯ ಕಾರಣವೂ ಇಲ್ಲ ಎಂದು ಚುನಾವಣಾ ಆಯೋಗಕ್ಕೆ ಮನವರಿಕೆಯಾದರೆ, ರಾಜಪತ್ರದಲ್ಲಿ ಪ್ರಕಟವಾಗುವ ಆದೇಶದ ಮೂಲಕ ಆತನನ್ನು ಮೂರು ವರ್ಷಗಳ ಕಾಲ ಅನರ್ಹಗೊಳಿಸಬಹುದು. ಇಲ್ಲಿ ಎರಡು ಮಾತನ್ನು ಗಮನಿಸಬೇಕು. ಗಡುವು ದಾಟಿದ ಮರುದಿನವೇ ಯಾರೂ ಅನರ್ಹರಾಗುವುದಿಲ್ಲ, ಆದೇಶ ಹೊರಬೀಳಬೇಕು. ಮತ್ತು ಮೂರು ವರ್ಷಗಳ ಎಣಿಕೆ ಆರಂಭವಾಗುವುದು ಚುನಾವಣೆಯ ದಿನದಿಂದಲ್ಲ, ಆದೇಶದ ದಿನಾಂಕದಿಂದ. ಆದೇಶಕ್ಕೆ ಮುನ್ನ ಜಿಲ್ಲಾ ಚುನಾವಣಾಧಿಕಾರಿ ಆಯೋಗಕ್ಕೆ ವರದಿ ಕಳುಹಿಸುತ್ತಾರೆ, ಆಯೋಗ ಕಾರಣ ಕೇಳಿ ನೋಟಿಸ್ ನೀಡುತ್ತದೆ, ನೋಟಿಸ್ ಕೈಸೇರಿದ 20 ದಿನಗಳೊಳಗೆ ಅಭ್ಯರ್ಥಿ ಲಿಖಿತ ವಿವರಣೆ ಕೊಡಬಹುದು. ಅದರ ಪ್ರತಿಯ ಜೊತೆಗೆ, ಹಿಂದೆ ಕೊಡದೆ ಉಳಿದಿದ್ದ ಪೂರ್ಣ ಲೆಕ್ಕವನ್ನೂ ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಬೇಕು. ಬಹಳಷ್ಟು ಮಂದಿ ಕೈಬಿಡುವುದು ಈ ಅವಕಾಶವನ್ನೇ. ನೋಟಿಸನ್ನು ಮನೆಯ ಅಟ್ಟಕ್ಕೆ ಹಾಕಿ ಮರೆತುಬಿಟ್ಟರೆ ಆಯೋಗದ ಮುಂದೆ ಪರಿಗಣಿಸಲು ಯಾವ ಕಾರಣವೂ ಇರುವುದಿಲ್ಲ.

ಇನ್ನು ಪಂಚಾಯಿತಿಯ ಮಾತು. 10ಎ ಅನರ್ಹತೆ ಸಂಸತ್ತು ಮತ್ತು ರಾಜ್ಯ ಶಾಸನಸಭೆಗಳಿಗೆ ಸಂಬಂಧಿಸಿದ್ದು. ಆದರೆ ಸಂವಿಧಾನದ 243ಎಫ್ ವಿಧಿಯು, ರಾಜ್ಯ ಶಾಸನಸಭೆಯ ಚುನಾವಣೆಗೆ ಯಾವುದೇ ಕಾನೂನಿನಡಿ ಅನರ್ಹನಾದವನು ಪಂಚಾಯಿತಿ ಸದಸ್ಯತ್ವಕ್ಕೂ ಅನರ್ಹ ಎನ್ನುತ್ತದೆ. ನಗರಸಭೆ, ಪುರಸಭೆಗಳಿಗೆ 243ವಿ ವಿಧಿ ಅದನ್ನೇ ಹೇಳುತ್ತದೆ. ಮುಂದಿನ ವಿಧಾನಸಭಾ ಚುನಾವಣೆ ಐದು ವರ್ಷ ದೂರವಿರುವಾಗ ಮೂರು ವರ್ಷದ ನಿಷೇಧ ದೊಡ್ಡ ಪಕ್ಷದ ಅಭ್ಯರ್ಥಿಗೆ ಹೆಚ್ಚು ತಟ್ಟದೆಯೂ ಹೋಗಬಹುದು. ಅದೇ ನಿಷೇಧ, ನಡುವೆ ಬರುವ ಪಂಚಾಯಿತಿ ಚುನಾವಣೆಯನ್ನೇ ನೆಚ್ಚಿಕೊಂಡ ಹಳ್ಳಿಯ ಪಕ್ಷೇತರನನ್ನು ಕಣದಿಂದ ಹೊರಗಿಡಬಹುದು. ಈ ಅಸಮಾನತೆ ನನಗೆ ನ್ಯಾಯವೆನಿಸುವುದಿಲ್ಲ. ಆದರೂ ಇಂದಿನ ಕಾನೂನು ಹೀಗೆಯೇ ಇದೆ.

ಲೆಕ್ಕ ಇಡದಿರುವುದು ಬೇರೆಯದೇ ಒಂದು ಅಪರಾಧವೂ ಹೌದು. ಹಳೆಯ ದಂಡ ಸಂಹಿತೆಯಲ್ಲಿ ಇದಕ್ಕೆ ಗರಿಷ್ಠ 500 ರೂಪಾಯಿ ದಂಡವಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 177ನೇ ಸೆಕ್ಷನ್ ಅದನ್ನು 5,000 ರೂಪಾಯಿಗೆ ಏರಿಸಿದೆ.

ಗೆದ್ದವರಿಗೆ ವಿನಾಯಿತಿ ಇದೆಯೆಂದೂ ಭಾವಿಸಬೇಕಿಲ್ಲ. ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದ ಶಾಸಕಿಯಾಗಿದ್ದ ಉಮ್ಲೇಶ್ ಯಾದವ್ ಅವರು ಕಾಸಿಗಾಗಿ ಸುದ್ದಿಯ ವೆಚ್ಚವನ್ನು ಲೆಕ್ಕದಲ್ಲಿ ತೋರಿಸಿರಲಿಲ್ಲ. ಆಯೋಗವು 2011ರಲ್ಲಿ ಅವರನ್ನು ಇದೇ 10ಎ ಅಡಿ ಮೂರು ವರ್ಷ ಅನರ್ಹಗೊಳಿಸಿತು. ಲೆಕ್ಕ ಸಲ್ಲಿಕೆಯಾಗಿದೆಯೇ ಎಂಬುದಷ್ಟೇ ಅಲ್ಲ, ಅದು ಸತ್ಯವೇ ಎಂಬುದನ್ನೂ ಆಯೋಗ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಅಶೋಕ್ ಚವಾಣ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ನಿಮ್ಮ ಚಿಕ್ಕಪ್ಪನವರು ಮೊದಲು ತುಮಕೂರಿನ ಜಿಲ್ಲಾಧಿಕಾರಿ ಕಚೇರಿಯ ಚುನಾವಣಾ ಶಾಖೆಗೆ ಹೋಗಿ, ತಮ್ಮ ಹೆಸರಿನಲ್ಲಿ ನೋಟಿಸ್ ಅಥವಾ ಆದೇಶ ಹೊರಟಿದೆಯೇ ಎಂದು ವಿಚಾರಿಸಲಿ. ಆದೇಶವಾಗಿಲ್ಲದಿದ್ದರೆ ರಸೀದಿಗಳು, ಬ್ಯಾಂಕ್ ಪಾಸ್‌ಬುಕ್ ಮತ್ತು ತಡವಾದದ್ದಕ್ಕೆ ಆಧಾರಸಹಿತ ಕಾರಣದೊಂದಿಗೆ ಲೆಕ್ಕವನ್ನು ಈಗಲಾದರೂ ಕೊಡಲಿ. ಆದೇಶವಾಗಿದ್ದರೆ, 11ನೇ ಸೆಕ್ಷನ್ ಅಡಿ ಅನರ್ಹತೆಯನ್ನು ತೆಗೆದುಹಾಕುವ ಅಥವಾ ಅದರ ಅವಧಿಯನ್ನು ಇಳಿಸುವ ಅಧಿಕಾರ ಆಯೋಗಕ್ಕಿದ್ದು, ಅದಕ್ಕಾಗಿ ಮನವಿ ಸಲ್ಲಿಸಬಹುದು.