ಎಂಜಿನ್ ಸಿಲಿಂಡರ್ ಒಳಗೆ ಜಾಸ್ತಿ ಗಾಳಿ ತುಂಬುವುದು ಹೇಗೆ

ಪಿಸ್ಟನ್ ಕೆಳಗೆ ಇಳಿಯುವಾಗ ಗಾಳಿಯನ್ನು ಎಳೆದುಕೊಳ್ಳುತ್ತದೆ ಎಂದು ನಾವೆಲ್ಲ ನೋಟ್ಸ್‌ನಲ್ಲಿ ಬರೆದುಕೊಂಡಿದ್ದೇವೆ, ಅಲ್ವಾ? ನಾನೂ ಬಹಳ ದಿನ ಹಾಗೇ ನಂಬಿದ್ದೆ. ನಿಜವಾಗಿ ನಡೆಯುವುದು ಬೇರೆ. ಪಿಸ್ಟನ್ ಇಳಿದಾಗ ಸಿಲಿಂಡರಿನ ಒಳಗೆ ಒತ್ತಡ ಕಡಿಮೆಯಾಗುತ್ತದೆ, ಅಷ್ಟೇ. ಗಾಳಿಯನ್ನು ಒಳಗೆ ತಳ್ಳುವುದು ಹೊರಗಿನ ವಾತಾವರಣ. ತಳ್ಳಲು ಅದರ ಹತ್ತಿರ ಇರುವುದು ಸಮುದ್ರ ಮಟ್ಟದಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್ ಒತ್ತಡ. ಟರ್ಬೊ (ಹೊಗೆಯ ಬಲದಿಂದ ತಿರುಗಿ ಗಾಳಿಯನ್ನು ಒತ್ತಿ ತುಂಬುವ ಪಂಪು) ಇಲ್ಲದ ಎಂಜಿನ್ ಈ ಬಂಡವಾಳದಲ್ಲೇ ಬದುಕಬೇಕು. ಫಿಲ್ಟರ್, ಪೈಪು, ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಬಾಗಿಲು), ವಾಲ್ವ್ ಒಂದೊಂದೂ ಅದರಲ್ಲಿ ಸ್ವಲ್ಪ ಸ್ವಲ್ಪ ಕಿತ್ತುಕೊಳ್ಳುತ್ತವೆ. ಈ ಒಂದು ಮಾತು ತಲೆಯಲ್ಲಿ ಕೂತರೆ ಉಳಿದ ಪಾಠ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಗಾಳಿ ಎಷ್ಟು ಬೇಕು ಎಂದು ಮೊದಲು ನೋಡೋಣ. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. 1 ಲೀಟರ್ ಪೆಟ್ರೋಲಿನ ತೂಕ ಸುಮಾರು 0.74 ಕಿಲೋ. ಅಂದರೆ ಹತ್ತಿರ ಹತ್ತಿರ 11 ಕಿಲೋ ಗಾಳಿ. ಒಂದು ಘನ ಮೀಟರ್ ಗಾಳಿ 1.2 ಕಿಲೋ ತೂಗುತ್ತದೆ ಎಂದಿಟ್ಟುಕೊಂಡರೆ, 1 ಲೀಟರ್ ಪೆಟ್ರೋಲಿಗೆ ಸುಮಾರು 9000 ಲೀಟರ್ ಗಾಳಿ! ಪೆಟ್ರೋಲ್ ಜಾಸ್ತಿ ಕೊಡುವುದು ಸುಲಭ. ಕಷ್ಟವೆಲ್ಲ ಗಾಳಿಯದ್ದೇ.

ಮಾರುತಿ 800 ತಗೊಳ್ಳಿ. 796 ಸಿಸಿ, ಫೋರ್ ಸ್ಟ್ರೋಕ್, ಅಂದರೆ ಎಂಜಿನ್ ಎರಡು ಸುತ್ತು ತಿರುಗಿದರೆ ಒಂದು ಸಲ ಗಾಳಿ ತುಂಬಿಕೊಳ್ಳುತ್ತದೆ. 5000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 5000 ಸುತ್ತು) ಪ್ರತಿ ಸಿಲಿಂಡರ್ ನಿಮಿಷಕ್ಕೆ 2500 ಸಲ ಗಾಳಿ ತುಂಬಿಕೊಳ್ಳುತ್ತದೆ. 0.796 × 2500, ಅಂದರೆ ನಿಮಿಷಕ್ಕೆ 1990 ಲೀಟರ್. ಆದರೆ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ. ತುಂಬಬೇಕಾದ ಗಾಳಿಯಲ್ಲಿ ನಿಜವಾಗಿ ತುಂಬಿದ್ದು ಎಷ್ಟು ಪಾಲು ಎಂಬುದೇ ವಾಲ್ಯೂಮೆಟ್ರಿಕ್ ಎಫಿಷಿಯೆನ್ಸಿ. ಅದು 80% ಎಂದು ಹಿಡಿದರೆ ಸುಮಾರು 1600 ಲೀಟರ್. ಸೆಕೆಂಡಿಗೆ ಎರಡು ಕೊಡ ತುಂಬುವಷ್ಟು ಗಾಳಿ ಆ ಸಣ್ಣ ಪೈಪಿನಲ್ಲಿ ಹೋಗಬೇಕು.

ಹೆಸರಲ್ಲಿ ವಾಲ್ಯೂಮ್ ಇದ್ದರೂ ಲೆಕ್ಕಕ್ಕೆ ಬರುವುದು ಗಾಳಿಯ ತೂಕ. ಜಾಗ ಅಷ್ಟೇ ಇದ್ದರೂ ಗಾಳಿ ಬಿಸಿಯಾದರೆ ತೂಕ ಇಳಿಯುತ್ತದೆ. 30 ಡಿಗ್ರಿ ಗಾಳಿಗೂ 60 ಡಿಗ್ರಿ ಗಾಳಿಗೂ ಹೋಲಿಸಿ: 303 ಭಾಗಿಸು 333, ಅಂದರೆ 0.91. ಸುಮ್ನೆ 9% ಗಾಳಿ ಹೋಯಿತು. (ಸೆಲ್ಸಿಯಸ್‌ಗೆ 273 ಕೂಡಿಸಿಯೇ ಭಾಗಿಸಬೇಕು. ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ.) ಕಾರಿನ ಮೂಲ ಏರ್ ಬಾಕ್ಸ್ ತೆಗೆದು ಬಾನೆಟ್ ಒಳಗೇ ಕೋನ್ ಫಿಲ್ಟರ್ ಹಾಕಿಸುವವರನ್ನು ನೋಡಿರುತ್ತೀರಿ. ಸದ್ದು ಜೋರಾಗುತ್ತದೆ, ಪಿಕಪ್ ಬಂತು ಅನ್ನಿಸುತ್ತದೆ. ಆದರೆ ಟ್ರಾಫಿಕ್‌ನಲ್ಲಿ ನಿಂತ ಕಾರಿನ ಬಾನೆಟ್ ಒಳಗೆ 60 ಡಿಗ್ರಿ ಆಗುವುದು ಸಾಮಾನ್ಯ. ಫಿಲ್ಟರ್‌ನಲ್ಲಿ ಒಂದೆರಡು ಪರ್ಸೆಂಟ್ ಉಳಿಸಿ, ಬಿಸಿಯಲ್ಲಿ ಅದರ ನಾಲ್ಕು ಪಟ್ಟು ಕಳೆದುಕೊಂಡಂತೆ. ಕಂಪನಿಯವರು ಪೈಪನ್ನು ಗ್ರಿಲ್ ಹತ್ತಿರ ತಂದು ಬಿಟ್ಟಿರುವುದು ತಣ್ಣನೆ ಗಾಳಿಗಾಗಿಯೇ.

ಎತ್ತರವೂ ಹೀಗೇ ಕೆಲಸ ಮಾಡುತ್ತದೆ. ಮಂಗಳೂರಿನಿಂದ ಶಿರಾಡಿ ಘಾಟ್ ಹತ್ತಿ ಬೆಂಗಳೂರಿಗೆ ಬಂದರೆ ಸುಮಾರು 920 ಮೀಟರ್ ಮೇಲೇರಿರುತ್ತೀರಿ. ಇಲ್ಲಿ ವಾತಾವರಣದ ಒತ್ತಡವೇ ಸುಮಾರು 10% ಕಡಿಮೆ. ಬೆಂಗಳೂರಿನ ತಂಪು ಸ್ವಲ್ಪ ವಾಪಸ್ ಕೊಡುತ್ತದೆ, ಪೂರ್ತಿ ಅಲ್ಲ.

ಇನ್ನು ದಾರಿಯಲ್ಲಿ ಬರುವ ಅಡ್ಡಿ. ಇದನ್ನು ಅಳೆಯಲು ದುಬಾರಿ ಉಪಕರಣ ಬೇಡ. ಪಾರದರ್ಶಕ ಟ್ಯೂಬನ್ನು ಯು ಆಕಾರದಲ್ಲಿ ಬಗ್ಗಿಸಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಫಿಲ್ಟರ್ ಮತ್ತು ಥ್ರಾಟಲ್ ನಡುವಿನ ಪೈಪಿಗೆ ಸೇರಿಸಿ. ಎರಡು ಕಡೆಯ ನೀರಿನ ಮಟ್ಟದಲ್ಲಿ 10 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಸುಮಾರು 1 ಕಿಲೋಪ್ಯಾಸ್ಕಲ್, ಅಂದರೆ ಬಂಡವಾಳದ ಹತ್ತಿರ ಹತ್ತಿರ 1% ಹೋಯಿತು. ಲ್ಯಾಬ್‌ನಲ್ಲಿ ಇದನ್ನು ಕಣ್ಣಾರೆ ನೋಡಿದ ಮೇಲೆಯೇ ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದು. ವ್ಯತ್ಯಾಸ ಸರಿಯಾಗಿ ಕಾಣಬೇಕಾದರೆ ಎಂಜಿನ್ ಫುಲ್ ಥ್ರಾಟಲ್‌ನಲ್ಲಿ, ಲೋಡ್ ಮೇಲೆ ಇರಬೇಕು.

ಫಿಲ್ಟರ್ ಕಟ್ಟಿಕೊಂಡರೆ ಮೈಲೇಜ್ ಬೀಳುತ್ತದೆ ಎನ್ನುವುದು ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಸಾಧನ) ಕಾಲದ ಮಾತು. ಅಲ್ಲಿ ಗಾಳಿ ಕಡಿಮೆಯಾದರೆ ಮಿಕ್ಸ್ಚರ್ ರಿಚ್ ಆಗುತ್ತಿತ್ತು, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿಯಾಗುತ್ತಿತ್ತು. ಈಗಿನ ಪೆಟ್ರೋಲ್ ಇಂಜೆಕ್ಷನ್ ಗಾಡಿಗಳಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಅಲ್ಲಿ ಮುಖ್ಯವಾಗಿ ಪೆಟ್ಟು ಬೀಳುವುದು ಪಿಕಪ್‌ಗೆ. ಹಾಗಂತ ಫಿಲ್ಟರ್ ಕಿತ್ತು ಓಡಿಸುವುದು ದೊಡ್ಡ ತಪ್ಪು. ದೂಳು ರಿಂಗ್ ಮತ್ತು ಸಿಲಿಂಡರ್ ಗೋಡೆಯನ್ನು ಉಜ್ಜಿ ತಿನ್ನುತ್ತದೆ. ಉಳುವ ಹಲವು ಟ್ರ್ಯಾಕ್ಟರ್‌ಗಳಲ್ಲಿ ಆಯಿಲ್ ಬಾತ್ ಏರ್ ಕ್ಲೀನರ್ ಇಟ್ಟು ಗಾಳಿಯನ್ನು ಎಣ್ಣೆ ಮೇಲೆ ಹಾಯಿಸಿ ದೂಳು ಹಿಡಿಯುವುದು ಇದೇ ಭಯಕ್ಕೆ.

ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚಿದಾಗ ಒಮ್ಮೆ ಗಮನಿಸಿ: ಗಾಳಿ ಒಳಗೆ ಬರುವ ಇನ್‌ಟೇಕ್ ವಾಲ್ವ್ ಹೊಗೆ ಹೊರಗೆ ಹೋಗುವ ಎಕ್ಸಾಸ್ಟ್ ವಾಲ್ವ್‌ಗಿಂತ ದೊಡ್ಡದು. ಹೊಗೆಯನ್ನು ಪಿಸ್ಟನ್ ಬಲವಂತವಾಗಿ ನೂಕುತ್ತದೆ. ಒಳಗೆ ಬರುವ ಗಾಳಿಗೆ ಆ ಭಾಗ್ಯ ಇಲ್ಲ, ಅದಕ್ಕೇ ದೊಡ್ಡ ಬಾಗಿಲು. ಒಂದು ಸಿಲಿಂಡರಿಗೆ ನಾಲ್ಕು ವಾಲ್ವ್ ಕೊಡುವುದೂ ಬಾಗಿಲು ಅಗಲ ಮಾಡಲಿಕ್ಕೇ.

ನನಗೆ ಎಲ್ಲಕ್ಕಿಂತ ಚಂದ ಕಾಣುವುದು ಟೈಮಿಂಗ್. ಪಿಸ್ಟನ್ ಕೆಳಗಿನ ತುದಿ ಮುಟ್ಟಿ ಮೇಲೆ ತಿರುಗಿದ ಮೇಲೂ ಇನ್‌ಟೇಕ್ ವಾಲ್ವ್ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಇನ್ನೂ 40-60 ಡಿಗ್ರಿ ತಿರುಗುವವರೆಗೆ ತೆರೆದೇ ಇರುತ್ತದೆ. ಓಡಿ ಬರುತ್ತಿರುವ ಗಾಳಿಗೆ ತೂಕ ಇದೆ. ಬ್ರೇಕ್ ಹಾಕಿದ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ವಾಲುವಂತೆ ಅದು ಒಳಗೆ ನುಗ್ಗುತ್ತಲೇ ಇರುತ್ತದೆ. ಪೋರ್ಟನ್ನು (ಹೆಡ್ ಒಳಗೆ ವಾಲ್ವ್‌ಗೆ ಹೋಗುವ ದಾರಿ) ಬೇಕಾಬಿಟ್ಟಿ ದೊಡ್ಡದು ಕೊರೆಸಿದರೆ ಈ ವೇಗವೇ ಸಾಯುತ್ತದೆ. ಆಗ ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ ಸೊರಗುತ್ತದೆ.

ಪೈಪಿನಲ್ಲಿ ಒತ್ತಡದ ಅಲೆಯೂ ಓಡುತ್ತದೆ. ಪಿಸ್ಟನ್ ಜೋರಾಗಿ ಇಳಿಯುವಾಗ ಕಡಿಮೆ ಒತ್ತಡದ ಅಲೆ ಹುಟ್ಟಿ ಪೈಪಿನ ತೆರೆದ ತುದಿಗೆ ಹೋಗುತ್ತದೆ. ಅಲ್ಲಿಂದ ಜಾಸ್ತಿ ಒತ್ತಡದ ಅಲೆಯಾಗಿ ಮರಳುತ್ತದೆ. ವಾಲ್ವ್ ಮುಚ್ಚುವ ಮೊದಲು ಅದು ಬಂದು ತಲುಪಿದರೆ ಇನ್ನಷ್ಟು ಗಾಳಿ ಒಳಗೆ ಬೀಳುತ್ತದೆ. ಅಲೆಗೆ ಹೋಗಿ ಬರಲು ಕ್ರ್ಯಾಂಕ್ 90 ಡಿಗ್ರಿ ತಿರುಗುವಷ್ಟು ಸಮಯ ಇದೆ ಎಂದು ಒರಟಾಗಿ ಇಟ್ಟುಕೊಳ್ಳಿ. 6000 ಆರ್‌ಪಿಎಂನಲ್ಲಿ ಅದು 2.5 ಮಿಲಿಸೆಕೆಂಡ್. ಅಲೆಯ ವೇಗ ಸೆಕೆಂಡಿಗೆ 340 ಮೀಟರ್. ಹೋಗಿ ಬರುವ ದೂರ 85 ಸೆಂಟಿಮೀಟರ್, ಪೈಪಿನ ಉದ್ದ ಅದರ ಅರ್ಧ, ಸುಮಾರು 42. 3000 ಆರ್‌ಪಿಎಂಗೆ ಇದೇ ಲೆಕ್ಕ ಹಾಕಿದರೆ ಪೈಪು ಎರಡರಷ್ಟು ಉದ್ದ ಬೇಕು. ಕೆಲವು ಕಾರುಗಳ ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪುಗಳು) ಉದ್ದ ದಾರಿ, ಗಿಡ್ಡ ದಾರಿ ಎರಡನ್ನೂ ಇಟ್ಟು ಆರ್‌ಪಿಎಂ ನೋಡಿ ಬದಲಿಸುವುದು ಇದಕ್ಕೇ.

ಇದೆಲ್ಲ ಆದಮೇಲೂ ಸಾಲದು ಎಂದರೆ ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. 30 ಡಿಗ್ರಿ ಗಾಳಿಯನ್ನು ಒಂದೂವರೆ ಪಟ್ಟು ಒತ್ತಿದರೆ ಅದು ಕಾಯುತ್ತದೆ. ಗಾಳಿ ಒತ್ತುವ ಕಂಪ್ರೆಸರ್ 70% ದಕ್ಷತೆಯದ್ದಾದರೆ ಸುಮಾರು 83 ಡಿಗ್ರಿ. ಆಗ ಸಿಗುವ ಲಾಭ 50% ಅಲ್ಲ, 28% ಮಾತ್ರ. ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ರೇಡಿಯೇಟರ್) ಇಟ್ಟು 50 ಡಿಗ್ರಿಗೆ ಇಳಿಸಿದರೆ ಅದೇ ಒತ್ತಡದಲ್ಲಿ ಸುಮಾರು 41%. ಇಂಟರ್‌ಕೂಲರ್ ಒಳಗೆ ಕಳೆಯುವ ಚೂರು ಒತ್ತಡವನ್ನು ನಾನಿಲ್ಲಿ ಬಿಟ್ಟಿದ್ದೇನೆ. ಅದನ್ನೂ ಸೇರಿಸಿ ನೀವೇ ಒಮ್ಮೆ ಲೆಕ್ಕ ಹಾಕಿ ನೋಡಿ.