ಮೊದಲು ಅಟ್ಟ ಹತ್ತಿ

ಬೆಂಗಳೂರಿನಿಂದ ಬರುವ ಫೋನುಗಳಿಗೆ ಒಂದೇ ಪೀಠಿಕೆ. "ಸಾರ್, ಸದಾಶಿವನಗರದ ಒಂದು ಸೈಟಿನ ದುಡ್ಡಿಗೆ ಫ್ರಾನ್ಸಿನ ಹಳ್ಳಿಯಲ್ಲಿ ಅರಮನೆಯೇ ಬರುತ್ತದಂತಲ್ಲ!" ಬರುತ್ತದೆ, ನಾನು ಅಲ್ಲಗಳೆಯುವುದಿಲ್ಲ. ಆ ಅರಮನೆಯ ಮಾಡು ಹೇಗಿದೆ ಎಂದು ಕೇಳುತ್ತೇನೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಉತ್ತರ: "ಹನ್ನೊಂದು ಮಲಗುವ ಕೋಣೆಗಳಿವೆ ಸಾರ್."

ನಾನು ದಲ್ಲಾಳಿಯಲ್ಲ. ಲುವಾರ್ ನದಿಯ ಆಸುಪಾಸಿನಲ್ಲಿ ಹಳೆಯ ಕಟ್ಟಡಗಳ ದುರಸ್ತಿ ಮಾಡಿಸುವ ವಾಸ್ತುಶಿಲ್ಪಿ. ಕಾಗದಪತ್ರ, ತೆರಿಗೆಗಳ ಬಗ್ಗೆ ಕೊನೆಯ ಮಾತು ಇಲ್ಲಿ ಕ್ರಯಪತ್ರ ಮಾಡಿಸುವ ನಿಮ್ಮ ನೋಟರಿಯದು. ಆದರೆ ಮಾಡಿನ ಮಾತು ನನ್ನದು. ತೀರ್ಥಹಳ್ಳಿಯ ಕಡೆಯ ಹೆಂಚಿನ ಮನೆಯಲ್ಲಿ ಬೆಳೆದವನು ನಾನು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸದ ಮನೆಯ ಗತಿ ಏನೆಂದು ಬಾಲ್ಯದಲ್ಲೇ ಕಂಡಿದ್ದೇನೆ. ಅಂದ ಹಾಗೆ, ನಾವು ಮಂಗಳೂರು ಹೆಂಚು ಎನ್ನುವ ಹೆಂಚಿನ ವಂಶಮೂಲವೂ ಫ್ರಾನ್ಸೇ. ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿಗೆ ಆಲ್ಸಾಸ್‌ನ ಜಿಲಾರ್ದೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದಿದ್ದರು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದದ್ದು 1865ರಲ್ಲಿ.

ಇಲ್ಲಿಯ ಶಾತೊಗಳ, ಅಂದರೆ ಈ ಹಳ್ಳಿಯ ಅರಮನೆಗಳ, ಮೇಲೆ ಇರುವುದು ಹೆಚ್ಚಾಗಿ ಸ್ಲೇಟ್ ಕಲ್ಲು. ಅದು ನೂರು ವರ್ಷ ಬಾಳುತ್ತದೆ ಎಂದು ಮಾರುವವರು ಹೇಳುತ್ತಾರೆ. ಕಲ್ಲು ಬಾಳುತ್ತದೆ ನಿಜ, ಅದನ್ನು ಹಿಡಿದಿರುವ ಮೊಳೆ ಮತ್ತು ಕೊಕ್ಕೆ ಬಾಳಬೇಕಲ್ಲ? ಕಬ್ಬಿಣ ತುಕ್ಕು ಹಿಡಿದು ಕಲ್ಲು ಜಾರುತ್ತದೆ. ಒಂದೇ ಸಲ ಹೊದಿಸಿದ ಮಾಡಾದ್ದರಿಂದ ಎಲ್ಲ ಮೊಳೆಗಳಿಗೂ ಒಂದೇ ಕಾಲಕ್ಕೆ ವಯಸ್ಸಾಗುತ್ತದೆ. ಆಮೇಲೆ ಎರಡು ಕಲ್ಲು ಬದಲಿಸಿ ನಿಟ್ಟುಸಿರು ಬಿಡುವಂತಿಲ್ಲ, ಇಡೀ ಇಳಿಜಾರನ್ನೇ ಬಿಚ್ಚಬೇಕು. ಆಂಜೆ ಬಳಿಯ ತ್ರೆಲಾಝೆಯ ಪ್ರಸಿದ್ಧ ಸ್ಲೇಟ್ ಗಣಿ 2013ರಲ್ಲೇ ಮುಚ್ಚಿತು, ಈಗ ಬರುವುದು ಬಹುಪಾಲು ಸ್ಪೇನಿನ ಕಲ್ಲು. ನನ್ನ ಮೇಜಿನ ಮೇಲೆ ಚದರ ಮೀಟರಿಗೆ 300 ಯೂರೋಗಿಂತ ಕಡಿಮೆಯ ಅಂದಾಜು ಬಿದ್ದು ವರ್ಷಗಳಾದವು, ಅದೂ ಕೆಳಗಿನ ಮರ ಗಟ್ಟಿಯಿದ್ದರೆ. ಗೋಪುರ, ಹೊಗೆಗೂಡುಗಳೆಲ್ಲ ಇರುವ ಶಾತೊದಲ್ಲಿ ಸಾವಿರ ಚದರ ಮೀಟರು ಮಾಡು ವಿಶೇಷವೇನಲ್ಲ. ಗುಣಾಕಾರ ನೀವೇ ಮಾಡಿಕೊಳ್ಳಿ.

"ಆಯಿತು, ಮುಂದಿನ ವರ್ಷ ಮಾಡಿಸೋಣ" ಎನ್ನುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಸೋರುವ ಮಾಡು ಎಂದರೆ ಮಾಡಿನ ತೊಂದರೆ ಎಂದುಕೊಂಡಿದ್ದಾರೆ. ನೀರು ಬಿದ್ದ ಕಡೆ ನಿಲ್ಲುವುದಿಲ್ಲ, ತೊಲೆಯ ಗುಂಟ ಹರಿದು ಅದರ ತುದಿ ಗೋಡೆಯೊಳಗೆ ಹೊಕ್ಕ ಜಾಗಕ್ಕೆ ಹೋಗುತ್ತದೆ. ಅಲ್ಲಿ ಗಾಳಿಯಿಲ್ಲ, ಬೆಳಕಿಲ್ಲ. ಹೊರಗಿನಿಂದ ತೊಲೆ ಆನೆಯ ಕಾಲಿನಂತೆ ಕಾಣುತ್ತದೆ, ಗೋಡೆಯೊಳಗಿನ ತುದಿ ಅವಲಕ್ಕಿಯಾಗಿರುತ್ತದೆ. ಈ ಸೀಮೆಯ ಗೋಡೆಗಳೋ ತುಫೊ ಎಂಬ ಮೆದು ಸುಣ್ಣಕಲ್ಲಿನವು, ನೀರನ್ನು ಬಟ್ಟೆಯಂತೆ ಹೀರುತ್ತವೆ. ಹಿಂದಿನ ಯಾವನೋ ಮಾಲೀಕ ಗಾರೆ ಕೆತ್ತಿಸಿ ಸಿಮೆಂಟ್ ಮೆತ್ತಿಸಿದ್ದರೆ ಹೀರಿದ ನೀರು ಆರಲು ದಾರಿಯೇ ಇಲ್ಲ. ಕತ್ತಲು, ಒದ್ದೆ, ಮರ ಮೂರೂ ಕೂಡಿದಲ್ಲಿ ಮೆರೂಲ್ ಎಂಬ ಶಿಲೀಂಧ್ರ ಸಂಸಾರ ಹೂಡುತ್ತದೆ, ಒಮ್ಮೊಮ್ಮೆ ಗೋಡೆಯನ್ನೇ ದಾಟಿ ಪಕ್ಕದ ಕೋಣೆಗೂ ಹೋಗುತ್ತದೆ. ಈ ವರ್ಷದ ಜಾರಿದ ಕಲ್ಲಿಗೆ ನಾಲ್ಕು ವರ್ಷ ಬಿಟ್ಟು ಊಟದ ಕೋಣೆಯ ನೆಲ ಕಿತ್ತು ಕಂದಾಯ ಕಟ್ಟುತ್ತೀರಿ. ಹಾಗೆಂದು ಪ್ರತಿ ನೀರಿನ ಕಲೆಯೂ ಕೊಳೆತವಲ್ಲ. ತೊಲೆಯನ್ನು ಕೊರೆದು ನೋಡದೆ ನಾನು ಏನನ್ನೂ ಬರೆದುಕೊಡುವುದಿಲ್ಲ.

ತಗಡು ಹೊದಿಸಬಾರದೇ ಎಂದು ಒಬ್ಬರು ಕೇಳಿದ್ದರು. ಐತಿಹಾಸಿಕ ಸ್ಮಾರಕವೆಂದು ಸಂರಕ್ಷಿತವಾದ ಕಟ್ಟಡದಲ್ಲಿ ಹಾಗೆ ಮನಸ್ಸಿಗೆ ಬಂದದ್ದು ಹೊದಿಸುವಂತಿಲ್ಲ. ಸಂರಕ್ಷಣೆಯ ಎರಡು ದರ್ಜೆಗಳಲ್ಲಿ ಬರಿಯ ನೋಂದಾಯಿತ ಕಟ್ಟಡಕ್ಕಿಂತ ವರ್ಗೀಕೃತವಾದದ್ದಕ್ಕೆ ಬಿಗಿ ಹೆಚ್ಚು. ಸಂರಕ್ಷಿತವಾದರೆ ಸರ್ಕಾರವೇ ದುಡ್ಡು ಕೊಡುತ್ತದಲ್ಲವೇ ಎಂಬುದು ಮರುಪ್ರಶ್ನೆ. ಕೊಡಬಹುದು, ಕೊಡಲೇಬೇಕೆಂದಿಲ್ಲ. ಒಪ್ಪಿಗೆಗೆ ಮುಂಚೆ ಕೆಲಸ ಶುರುಮಾಡಿದರೆ ಆ ಆಸೆಯನ್ನೂ ಬಿಡಬೇಕಾಗುತ್ತದೆ. ದುರಸ್ತಿಯ ಖರ್ಚನ್ನು ಆದಾಯದಿಂದ ಕಳೆಯುವ ತೆರಿಗೆ ಸೌಲಭ್ಯವೂ ಇದೆ. ಫ್ರಾನ್ಸಿನಲ್ಲಿ ತೆರಿಗೆ ಕಟ್ಟುವ ಆದಾಯವೇ ಇಲ್ಲದವರು ಯಾವುದರಿಂದ ಕಳೆಯುತ್ತಾರೆ?

ನಮ್ಮವರಿಗೆ ಇನ್ನೊಂದು ತೊಡಕಿದೆ. ಭಾರತದಲ್ಲಿ ನೆಲೆಸಿರುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರದೇಶಕ್ಕೆ ಕಳುಹಿಸಬಹುದಾದದ್ದು 2,50,000 ಡಾಲರ್. ಗಂಡ, ಹೆಂಡತಿ, ಅತ್ತೆ ಮೂವರ ಮಿತಿಯನ್ನೂ ಕೂಡಿಸಿ ಖರೀದಿಗೇ ಸುರಿಯುತ್ತಾರೆ. ಮಾಡಿಗೆ ದುಡ್ಡು ಬೇಕೆಂದರೆ ಏಪ್ರಿಲ್ ಬರಬೇಕು. ಲುವಾರ್ ಕಣಿವೆಯ ಮಳೆಗೆ ರಿಸರ್ವ್ ಬ್ಯಾಂಕಿನ ಪಂಚಾಂಗ ಗೊತ್ತಿಲ್ಲ. ಶಾತೊ ಕೊಂಡರೆ ವಾಸದ ಪರವಾನಗಿ ಸಿಗುತ್ತದೆಯೇ ಎಂದೂ ಕೇಳುತ್ತಾರೆ. ಇಲ್ಲ.

ಸಾವಿರಾರು ಜನ ಸೇರಿ ಶಾತೊ ಕೊಂಡ ಕಥೆಯನ್ನು ಎದುರಿಡುವವರೂ ಇದ್ದಾರೆ. ಅದು ಲಾ ಮೋತ್ ಶಾಂದನಿಯೆ. 1932ರ ಬೆಂಕಿಯಲ್ಲಿ ಸುಟ್ಟಿತು, ಒಳಗೆ ಮರಗಳು ಬೆಳೆದು ಗೋಡೆಗಿಂತ ಮೇಲೆ ಹೋದವು. 2017ರಲ್ಲಿ ನೂರಕ್ಕೂ ಹೆಚ್ಚು ದೇಶಗಳ ಜನ ಚಿಲ್ಲರೆ ಚಿಲ್ಲರೆ ಹಾಕಿ ಅದನ್ನು ಉಳಿಸಿಕೊಂಡರು. ಅವರು ಕೊಂಡದ್ದು ಅವಶೇಷವನ್ನು, ಅವಶೇಷವೆಂದು ತಿಳಿದೇ. ಅಲ್ಲಿ ಅಡುಗೆ ಮಾಡುವ ಯೋಚನೆ ಯಾರಿಗೂ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ದಂಪತಿಯೊಡನೆ ಆಂಜೂ ಸೀಮೆಯ ಒಂದು ಶಾತೊಗೆ ಹೋಗಿದ್ದೆ. ಗಂಡ ದೀಪಗೊಂಚಲಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹೆಂಡತಿ ಹೇಳದೆ ಕೇಳದೆ ಅಟ್ಟ ಹತ್ತಿದರು, ಮಲೆನಾಡಿನ ಸಾಗರದ ಕಡೆಯವರು. ಅಲ್ಲಿ ಸಾಲಾಗಿ ಎನಾಮಲ್ ಬೋಗುಣಿಗಳು, ಹದಿನೇಳು. ಮಾರುತ್ತಿದ್ದ ಮುದುಕ ಮುಚ್ಚುಮರೆ ಮಾಡಲಿಲ್ಲ. ರಾತ್ರಿ ಮಲಗಿದಲ್ಲೇ ಸದ್ದು ಕೇಳಿ ಯಾವ ಬೋಗುಣಿ ತುಂಬುತ್ತಿದೆ ಎಂದು ಹೇಳಬಲ್ಲೆ ಎಂದ. ನಲವತ್ತು ವರ್ಷ ಹಾಗೆ ಎದ್ದು ನೀರು ಚೆಲ್ಲಿದ್ದನಂತೆ. ಆತ ಆ ಬೋಗುಣಿಗಳನ್ನು ಇಟ್ಟಿದ್ದರಿಂದಲೇ ತೊಲೆಗಳ ತುದಿ ಇನ್ನೂ ಗಟ್ಟಿಯಿದ್ದವು. ನಾನು ಕಂಡ ಮಾಲೀಕರಲ್ಲಿ ಅವನಷ್ಟು ಎಚ್ಚರದವನು ಇನ್ನೊಬ್ಬನಿಲ್ಲ.

ಇಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು ಕೊಳ್ಳುವವರಿಗೆ 10 ದಿನಗಳ ಅವಕಾಶವಿದೆ. ಆ ಹತ್ತೂ ದಿನ ಆಕೆ ಲೆಕ್ಕ ಹಾಕಿದರು, ನನ್ನ ಅಂದಾಜಿಗೆ ಮೂರನೆಯ ಒಂದು ಭಾಗ ಸೇರಿಸಿಯೇ ಹಾಕಿದರು. ಮಾಡಿನ ದುಡ್ಡು ಬೇರೆ ತೆಗೆದಿಟ್ಟು, ಉಳಿದದ್ದರಲ್ಲಿ ಚೌಕಾಸಿ ಮಾಡಿ ಕೊಂಡರು. ಕ್ರಯಪತ್ರ ಓದುವ ದಿನ ನೋಟರಿ ಪೀಠೋಪಕರಣಗಳ ಪಟ್ಟಿಯನ್ನು ಗಂಭೀರವಾಗಿ ಓದುತ್ತಾ ಹೋದರು: ಓಕ್ ಮರದ ಬೀರು ಒಂದು, ಕನ್ನಡಿ ಎರಡು, ಎನಾಮಲ್ ಬೋಗುಣಿ ಹದಿನೇಳು. ಹದಿನೇಳಲ್ಲ, ಹದಿನಾರು ಎಂದು ಮುದುಕ ತಿದ್ದಿಸಿದ. ಒಂದನ್ನು ತಾನು ಒಯ್ಯುತ್ತೇನೆ ಎಂದ.